ನೋಯುವ ಹಿಮ್ಮಡಿಗೆ ಹೊರೆಯೇ ಮದ್ದು

ಬೆಳಿಗ್ಗೆ ಹಾಸಿಗೆಯಿಂದ ಎದ್ದು ನೆಲಕ್ಕೆ ಕಾಲೂರಿದ ಮೊದಲ ಗಳಿಗೆ. ಹಿಮ್ಮಡಿಯಿಂದ ಎರಡು ಮೂರು ಬೆರಳು ಮೇಲೆ, ಕಾಲಿನ ಹಿಂಭಾಗದಲ್ಲಿ ಏನೋ ಬಿಗಿದು ಹಿಡಿದಂಥ ನೋವು. ಕುಂಟಿಕೊಂಡು ಬಚ್ಚಲುಮನೆ ತಲುಪುವಷ್ಟರಲ್ಲಿ ಅರ್ಧಕ್ಕರ್ಧ ಕಡಿಮೆ. ಓಡಲು ಹೊರಟರೆ ಮೊದಲ ಒಂದು ಕಿಲೋಮೀಟರ್ ಕಾಟ ಕೊಟ್ಟು, ಮೈ ಬಿಸಿಯಾದ ಮೇಲೆ ನೋವು ಮಾಯ. ಮರುದಿನ ಬೆಳಿಗ್ಗೆ ಮತ್ತೆ ಹಾಜರು. ನೋಯುವ ಜಾಗವನ್ನು ಎರಡು ಬೆರಳುಗಳ ನಡುವೆ ಹಿಡಿದು ಒತ್ತಿದರೆ ಕಣ್ಣಲ್ಲಿ ನೀರು.

ನಲವತ್ತೈದು, ಐವತ್ತು ದಾಟಿದ ಮೇಲೂ ಓಟ ಬಿಡದವರಲ್ಲಿ ಬಹಳ ಮಂದಿಗೆ ಈ ಅನುಭವ ಹೊಸದಲ್ಲ. ಅವರಿಗೆ ಸಿಗುವ ಸಲಹೆಯೂ ಹೊಸದಲ್ಲ. 'ನರ ಹಿಡಿದುಕೊಂಡಿದೆ, ಎಣ್ಣೆ ತಿಕ್ಕಿ' ಎಂದು ಮನೆಯವರು ಹೇಳಿದರೆ, 'ವಯಸ್ಸಾಯಿತಲ್ಲ, ಇನ್ನು ಓಟವೆಲ್ಲ ಯಾಕೆ?' ಎಂದು ಪರಿಚಯದವರು ಕೇಳುತ್ತಾರೆ. ಒಂದು ತಿಂಗಳು ಕಾಲಿಗೆ ವಿಶ್ರಾಂತಿ ಕೊಟ್ಟಾಗ ನೋವು ಹೋಗುತ್ತದೆ. ಮತ್ತೆ ಓಡತೊಡಗಿದ ವಾರದೊಳಗೆ ಹೋದ ನೋವು ಹೋದ ದಾರಿಯಲ್ಲೇ ತಿರುಗಿ ಬರುತ್ತದೆ. ಹೀಗೆ ಎರಡು ಮೂರು ಸಲ ಆದ ಮೇಲೆ ಅನೇಕರು ಬೂಟನ್ನು ಮೂಲೆಗೆ ಇಟ್ಟು ಸುಮ್ಮನಾಗುತ್ತಾರೆ. ಆ ಬೂಟಿನ ಜೊತೆಗೆ ಹತೋಟಿಯಲ್ಲಿದ್ದ ರಕ್ತದೊತ್ತಡ, ಇಳಿದಿದ್ದ ತೂಕ, ಬೆಳಗಿನ ಗೆಳೆಯರ ಗುಂಪು ಎಲ್ಲವೂ ಒಂದೊಂದಾಗಿ ಕೈಬಿಡುತ್ತವೆ.

ವಿಶ್ರಾಂತಿಯಿಂದ ನೋವು ಶಮನವಾಗುತ್ತದೆಯೇ ಹೊರತು ದುರ್ಬಲವಾದ ಕಾಲು ಬಲಗೊಳ್ಳುವುದಿಲ್ಲ. ಬಲ ಬರಬೇಕಾದರೆ ನೋಯುವ ಭಾಗಕ್ಕೇ ಅಳತೆಯಿಟ್ಟು ಹೊರೆ ಹೊರಿಸಬೇಕು. ಗಾಯದ ಮೇಲೆ ಬರೆ ಎಳೆದಂತೆ ತೋರುವ ಈ ಮಾತನ್ನು ವೈದ್ಯಲೋಕ ಒಪ್ಪಿದ್ದು ಕಳೆದ ಶತಮಾನದ ಕೊನೆಯಲ್ಲಿ. ಒಪ್ಪಿಸಿದ್ದು, ಇದೇ ನೋವಿನಿಂದ ಬೇಸತ್ತು ತನ್ನ ಕಾಲನ್ನು ತಾನೇ ಕೆಡಿಸಿಕೊಳ್ಳಲು ಹೊರಟ ಒಬ್ಬ ವೈದ್ಯ.

ಕಿತ್ತುಹೋಗದ ಹಗ್ಗ

ಸ್ವೀಡನ್ ದೇಶದ ಉತ್ತರ ಭಾಗದಲ್ಲಿ ಉಮೆಯೊ ಎಂಬ ವಿಶ್ವವಿದ್ಯಾಲಯದ ಊರಿದೆ. 1990ರ ದಶಕದ ಮಧ್ಯಭಾಗದಲ್ಲಿ ಅಲ್ಲಿ ಮೂಳೆರೋಗ ತಜ್ಞರಾಗಿದ್ದ ಹೋಕನ್ ಆಲ್ಫ್ರೆಡ್‌ಸನ್ ಸ್ವತಃ ಓಟಗಾರರು. ಅವರಿಗೆ ಹಿಮ್ಮಡಿಯ ಮೇಲಿನ ನೋವು ಅಂಟಿಕೊಂಡಿತು. ಆ ಕಾಲಕ್ಕೆ ಇದ್ದ ಮಾರ್ಗಗಳೆಂದರೆ ವಿಶ್ರಾಂತಿ, ನೋವಿನ ಮಾತ್ರೆ, ಬೂಟಿನ ಬದಲಾವಣೆ. ಯಾವುದೂ ಫಲಿಸದಿದ್ದರೆ ಶಸ್ತ್ರಕ್ರಿಯೆ. ಶಸ್ತ್ರಕ್ರಿಯೆ ಮಾಡಿ ಎಂದು ಅವರು ತಮ್ಮ ವಿಭಾಗದ ಮುಖ್ಯಸ್ಥರನ್ನೇ ಕೇಳಿದರು. ಹಾಗೆ ಮಾಡಿದರೆ ವಾರಗಟ್ಟಲೆ ರಜೆ ಕೊಡಬೇಕಾಗುತ್ತದೆ, ಕೆಲಸ ನಡೆಯುವುದಿಲ್ಲ ಎಂದು ಮುಖ್ಯಸ್ಥರು ಒಪ್ಪಲಿಲ್ಲ.

ಆಲ್ಫ್ರೆಡ್‌ಸನ್ ಇನ್ನೊಂದು ಉಪಾಯ ಹೂಡಿದರು. ನೋವಿಗಾಗಿ ಶಸ್ತ್ರಕ್ರಿಯೆ ಮಾಡುವುದಿಲ್ಲ ಸರಿ. ಕಾಲಿನ ಹಗ್ಗ ಪೂರ್ತಿ ಕಿತ್ತೇ ಹೋದರೆ ಮಾಡದೆ ಗತಿಯಿಲ್ಲವಲ್ಲ! ಕಿತ್ತುಹೋಗಲೆಂದೇ ನೋಯುವ ಕಾಲಿನ ಮೇಲೆ ಭಾರ ಹಾಕಿ ದಿನವೂ ವ್ಯಾಯಾಮ ಮಾಡತೊಡಗಿದರು. ನೋವು ಹೆಚ್ಚಾದಷ್ಟೂ ಭಾರ ಹೆಚ್ಚಿಸಿದರು. ಹಗ್ಗ ಕಿತ್ತುಹೋಗಲಿಲ್ಲ. ವಾರಗಳು ಕಳೆದಂತೆ ನೋವೇ ಹೋಯಿತು. ಅವರು ಮತ್ತೆ ಓಡಿದರು.

ತನಗಾದದ್ದು ಆಕಸ್ಮಿಕವೋ, ಅಥವಾ ಇದರಲ್ಲಿ ಹುರುಳಿದೆಯೋ ಎಂದು ತಿಳಿಯಲು ಅವರು ಸಹೋದ್ಯೋಗಿಗಳೊಂದಿಗೆ ಸೇರಿ ಒಂದು ಅಧ್ಯಯನ ನಡೆಸಿದರು. ಶಸ್ತ್ರಕ್ರಿಯೆಗೆಂದು ಸರದಿಯಲ್ಲಿ ಕಾಯುತ್ತಿದ್ದ 15 ಮಂದಿ ಹವ್ಯಾಸಿ ಕ್ರೀಡಾಪಟುಗಳನ್ನು ಆರಿಸಿದರು. ಅವರ ಸರಾಸರಿ ವಯಸ್ಸು 44. ಸರಾಸರಿ ಒಂದೂವರೆ ವರ್ಷದಿಂದ ನೋವು ತಿಂದವರು, ಬೇರೆಲ್ಲ ಚಿಕಿತ್ಸೆಗಳನ್ನು ಮಾಡಿ ಸೋತವರು. 12 ವಾರಗಳ ವ್ಯಾಯಾಮದ ನಂತರ ಹದಿನೈದೂ ಮಂದಿ ಮೊದಲಿನಂತೆ ಓಡಲು ಮರಳಿದರು. ಹೋಲಿಕೆಗೆ ಇಟ್ಟುಕೊಂಡಿದ್ದ, ಹಳೆಯ ಪದ್ಧತಿಯ ಚಿಕಿತ್ಸೆ ಪಡೆದ ಇನ್ನೊಂದು ಗುಂಪಿನವರು ಕೊನೆಗೆ ಶಸ್ತ್ರಕ್ರಿಯೆಗೆ ಒಳಗಾಗಬೇಕಾಯಿತು. 1998ರಲ್ಲಿ ಅಮೆರಿಕದ ಕ್ರೀಡಾವೈದ್ಯ ಪತ್ರಿಕೆಯೊಂದರಲ್ಲಿ ಈ ವರದಿ ಪ್ರಕಟವಾಯಿತು. ಸಣ್ಣ ಅಧ್ಯಯನವಾದರೂ ಅದು ಎಬ್ಬಿಸಿದ ಅಲೆ ದೊಡ್ಡದು.

ಇಂಥ ವ್ಯಾಯಾಮದ ಕಲ್ಪನೆ ಅದಕ್ಕೂ ಹಿಂದೆ ಇರಲಿಲ್ಲವೆಂದಲ್ಲ. ಕೆನಡಾದ ಕರ್ವಿನ್ ಮತ್ತು ಸ್ಟ್ಯಾನಿಶ್ 1984ರಲ್ಲೇ ತಮ್ಮ ಪುಸ್ತಕದಲ್ಲಿ ಇದನ್ನು ಹೇಳಿದ್ದರು. ಆದರೆ ನೋವು ಬಂದರೂ ನಿಲ್ಲಿಸದೆ, ಭಾರ ಏರಿಸುತ್ತ ಹೋಗಬೇಕೆಂಬ ಧೈರ್ಯ ಉಮೆಯೊದಿಂದ ಬಂತು.

ಹೆಸರಿನ ಹಿಂದಿನ ಕಥೆ

ನಮ್ಮಲ್ಲಿ ಜನ 'ನರ' ಎಂದು ಕರೆಯುವ ಈ ಹಗ್ಗ ವಾಸ್ತವವಾಗಿ ನರವಲ್ಲ. ಸ್ನಾಯುವನ್ನು ಮೂಳೆಗೆ ಬಿಗಿಯುವ ಸ್ನಾಯುರಜ್ಜು. ರಜ್ಜು ಎಂದರೆ ಹಗ್ಗವೆಂದೇ ಅರ್ಥ. ಹಿಂದೆ ಯುರೋಪಿನಲ್ಲೂ ಇದನ್ನು 'ಹಿಪೊಕ್ರೇಟಿಸನ ದೊಡ್ಡ ಹಗ್ಗ' ಎಂದು ಕರೆಯುತ್ತಿದ್ದರು. ಲೂವೇನ್ ವಿಶ್ವವಿದ್ಯಾಲಯದ ಅಂಗರಚನಾ ಶಾಸ್ತ್ರಜ್ಞ ಫಿಲಿಪ್ ವೆರ್‌ಹೇಯನ್ 1693ರ ತನ್ನ ಗ್ರಂಥದಲ್ಲಿ ಇದಕ್ಕೆ ಗ್ರೀಕ್ ವೀರ ಅಕಿಲಿಸನ ಹೆಸರು ಬಳಸಿದ. ಆ ಹೆಸರೇ ನಿಂತಿತು. ಪಾದ್ರಿಯಾಗಲು ಓದುತ್ತಿದ್ದ ವೆರ್‌ಹೇಯನ್ ವೈದ್ಯನಾದದ್ದು ಕಾಯಿಲೆಯಿಂದ ತನ್ನ ಒಂದು ಕಾಲನ್ನು ಕಳೆದುಕೊಂಡ ಮೇಲೆ ಎಂಬುದು ವಿಧಿಯ ವಿನೋದ.

ಅಕಿಲಿಸನ ಕಥೆ ಪರಿಚಿತವೇ. ಮಗನಿಗೆ ಸಾವು ಬಾರದಿರಲೆಂದು ತಾಯಿ ಥೆಟಿಸ್ ಅವನನ್ನು ಸ್ಟಿಕ್ಸ್ ನದಿಯಲ್ಲಿ ಅದ್ದುತ್ತಾಳೆ. ಅವಳು ಹಿಡಿದಿದ್ದ ಹಿಮ್ಮಡಿಗೆ ಮಾತ್ರ ನೀರು ತಾಗುವುದಿಲ್ಲ. ಟ್ರಾಯ್ ಯುದ್ಧದಲ್ಲಿ ಪ್ಯಾರಿಸನ ಬಾಣ ಅಲ್ಲಿಗೇ ಬಂದು ನಾಟುತ್ತದೆ. ನದಿಯಲ್ಲಿ ಅದ್ದಿದ ಈ ಪ್ರಸಂಗ ಹೋಮರನ 'ಇಲಿಯಡ್'ನಲ್ಲಿ ಇಲ್ಲ. ಅದು ಬರುವುದು ಒಂದನೇ ಶತಮಾನದ ರೋಮನ್ ಕವಿ ಸ್ಟೇಷಿಯಸ್‌ನಲ್ಲಿ. ಮಹಾಭಾರತದ ಮೌಸಲಪರ್ವದಲ್ಲಿ ಶ್ರೀಕೃಷ್ಣನಿಗೂ ಜರನೆಂಬ ಬೇಡನ ಬಾಣ ಪಾದಕ್ಕೇ ತಗಲುವುದನ್ನು ನೆನೆದರೆ, ಎಂಥ ಬಲಶಾಲಿಗೂ ಕಾಲಿನಲ್ಲೇ ಕುತ್ತು ಎಂಬ ಭಾವನೆ ಎರಡು ನಾಡುಗಳಲ್ಲೂ ಇತ್ತೆನಿಸುತ್ತದೆ.

ಹೆಸರಿನಿಂದಾಗಿ ಈ ರಜ್ಜುವಿಗೆ ದುರ್ಬಲವೆಂಬ ಅಪಖ್ಯಾತಿ ಅಂಟಿತು. ನಿಜದಲ್ಲಿ ದೇಹದ ಎಲ್ಲ ಸ್ನಾಯುರಜ್ಜುಗಳಲ್ಲಿ ಇದೇ ಅತ್ಯಂತ ದಪ್ಪ, ಅತ್ಯಂತ ಗಟ್ಟಿ. ಉದ್ದ ಸುಮಾರು 15 ಸೆಂಟಿಮೀಟರ್. ಮೀನಖಂಡದ ಎರಡು ದೊಡ್ಡ ಸ್ನಾಯುಗಳು ಕೆಳಗಿಳಿಯುತ್ತ ಒಂದಾಗಿ, ಈ ಹಗ್ಗವಾಗಿ ಹಿಮ್ಮಡಿಯ ಮೂಳೆಗೆ ಬಂದು ಸೇರುತ್ತವೆ. ಹೊರಗಿನ ಸ್ನಾಯು ಮೊಣಕಾಲಿನ ಮೇಲಿಂದ ಹೊರಟರೆ ಒಳಗಿನದು ಮೊಣಕಾಲಿನ ಕೆಳಗಿಂದ ಹೊರಡುತ್ತದೆ. ವ್ಯಾಯಾಮದ ಮಾತು ಬಂದಾಗ ಈ ವ್ಯತ್ಯಾಸ ಉಪಯೋಗಕ್ಕೆ ಬರುತ್ತದೆ.

ಓಡುವಾಗ ಈ ರಜ್ಜು ಸ್ಪ್ರಿಂಗಿನಂತೆ ಹಿಗ್ಗಿ, ಕುಗ್ಗಿ, ದೇಹವನ್ನು ಮುಂದಕ್ಕೆ ಚಿಮ್ಮಿಸುತ್ತದೆ. ಪ್ರತಿ ಹೆಜ್ಜೆಗೂ ಅದರ ಮೇಲೆ ಬೀಳುವ ಎಳೆತ ದೇಹದ ತೂಕದ ಆರರಿಂದ ಎಂಟು ಪಟ್ಟು. 60 ಕಿಲೋ ತೂಕದವರಾದರೆ ಸುಮಾರು 400 ಕಿಲೋ. ಒಂದು ಕಿಲೋಮೀಟರ್ ಓಡುವಷ್ಟರಲ್ಲಿ ಒಂದೊಂದು ಕಾಲಿಗೂ ಸರಿಸುಮಾರು 500 ಸಲ ಈ ಎಳೆತ.

ಹದಿನೇಳರ ಹಗ್ಗ, ಅರವತ್ತರ ಓಟ

ವಯಸ್ಸಿನ ಜೊತೆಗೆ ಏನು ಬದಲಾಗುತ್ತದೆ? ಮೊದಲನೆಯದಾಗಿ ಸ್ನಾಯು. ಐವತ್ತರ ನಂತರ ಸ್ನಾಯುಗಳ ಗಾತ್ರ, ಬಲ ಎರಡೂ ಇಳಿಯುತ್ತವೆ. ಹಿರಿಯ ಓಟಗಾರರ ಹೆಜ್ಜೆ ಚಿಕ್ಕದಾಗುವುದಕ್ಕೆ ಪಾದದಿಂದ ನೆಲವನ್ನು ಹಿಂದೊತ್ತುವ ಶಕ್ತಿ ಕುಂದುವುದು ಒಂದು ಮುಖ್ಯ ಕಾರಣ. ಎಳೆಯರಿಗೆ ಹೋಲಿಸಿದರೆ ಹಿರಿಯ ಓಟಗಾರರಲ್ಲಿ ಮೊಣಕಾಲಿಗಿಂತ ಮೀನಖಂಡ ಮತ್ತು ಹಿಮ್ಮಡಿ ರಜ್ಜುವಿನ ತೊಂದರೆಯ ಪಾಲು ಹೆಚ್ಚು. ಸ್ನಾಯು ಸೊರಗಿದರೂ ಓಟದ ದೂರ ಹಳೆಯದೇ ಆಗಿದ್ದರೆ ಆ ಹೊರೆ ತಾಳಿಕೊಳ್ಳಲು ಕಾಲಿಗೆ ಆಗುವುದಿಲ್ಲ.

ಎರಡನೆಯದು ರಜ್ಜುವಿನ ಸ್ವಭಾವ. ಇದನ್ನು ಕಂಡುಹಿಡಿದ ಬಗೆ ಕುತೂಹಲಕರ. 1955ರಿಂದ 1963ರವರೆಗೆ ನಡೆದ ಪರಮಾಣು ಬಾಂಬ್ ಪರೀಕ್ಷೆಗಳಿಂದ ವಾತಾವರಣದಲ್ಲಿ ಕಾರ್ಬನ್-14 ಎಂಬ ವಿಕಿರಣಶೀಲ ಇಂಗಾಲ ಏಕಾಏಕಿ ಏರಿತು, ಆಮೇಲೆ ನಿಧಾನವಾಗಿ ಇಳಿಯಿತು. ಆಹಾರದ ಮೂಲಕ ಅದು ಎಲ್ಲರ ಮೈ ಸೇರಿತು. ದೇಹದ ಯಾವ ಭಾಗದಲ್ಲಿ ಯಾವ ವರ್ಷದ ಇಂಗಾಲ ಇದೆ ಎಂದು ಅಳೆದರೆ ಆ ಭಾಗ ಯಾವಾಗ ಬೆಳೆದದ್ದು ಎಂದು ಹೇಳಬಹುದು. ಡೆನ್ಮಾರ್ಕಿನ ಸಂಶೋಧಕರು ಮೃತರ ಹಿಮ್ಮಡಿ ರಜ್ಜುಗಳನ್ನು ಹೀಗೆ ಪರೀಕ್ಷಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ರಜ್ಜುವಿನ ತಿರುಳು ಸುಮಾರು 17ನೇ ವಯಸ್ಸಿನವರೆಗೆ ಬೆಳೆಯುತ್ತದೆ. ಆಮೇಲೆ ಹೊಸದಾಗುವುದು ಇಲ್ಲವೆನ್ನುವಷ್ಟು ಕಡಿಮೆ. ಸ್ನಾಯುವಾದರೋ ಸದಾ ನವೀಕರಣಗೊಳ್ಳುತ್ತಿರುತ್ತದೆ. ಅಂದರೆ ಅರವತ್ತರ ವ್ಯಕ್ತಿ ಓಡುತ್ತಿರುವುದು ಹದಿನೇಳರಲ್ಲಿ ಹೊಸೆದ ಹಗ್ಗವನ್ನು ನೆಚ್ಚಿಕೊಂಡು!

ಮೂರನೆಯದು ಕಾಯಿಲೆಯ ಕುರಿತು ಇದ್ದ ತಪ್ಪು ತಿಳಿವಳಿಕೆ. ಬಹುಕಾಲ ಇದನ್ನು ಉರಿಯೂತ ಎಂದೇ ಭಾವಿಸಲಾಗಿತ್ತು. ಉರಿಯೂತವಾದರೆ ವಿಶ್ರಾಂತಿ, ಊತ ಇಳಿಸುವ ಮಾತ್ರೆ ಸರಿಯಾದ ಕ್ರಮವೇ. ಆದರೆ ಇಟಲಿಯ ಪುಡ್ಡು ಮತ್ತು ಸಂಗಡಿಗರು 1976ರಲ್ಲೇ, ಹಳೆಯ ನೋವಿನ ರಜ್ಜುಗಳಲ್ಲಿ ಉರಿಯೂತಕ್ಕಿಂತ ಎಳೆಗಳ ಸವಕಳಿಯೇ ಮುಖ್ಯ ಎಂದು ತೋರಿಸಿ ಅದಕ್ಕೆ ಬೇರೆ ಹೆಸರು ಕೊಟ್ಟರು. 1999ರಲ್ಲಿ ಆಲ್ಫ್ರೆಡ್‌ಸನ್ ತಂಡ ನೋಯುವ ರಜ್ಜುವಿನ ಒಳಗಿನ ದ್ರವವನ್ನೇ ಪರೀಕ್ಷಿಸಿದಾಗ ಉರಿಯೂತದ ಮುಖ್ಯ ರಾಸಾಯನಿಕ ಹೆಚ್ಚಾಗಿರಲಿಲ್ಲ. ಉರಿಯೂತದ ಪಾತ್ರ ಸ್ವಲ್ಪಮಟ್ಟಿಗೆ ಇದ್ದೇ ಇದೆ ಎಂದು ಈಚಿನ ಅಧ್ಯಯನಗಳು ಹೇಳುತ್ತವಾದರೂ, ವಿಶ್ರಾಂತಿಯೊಂದೇ ಮದ್ದು ಎಂಬ ಹಳೆಯ ವಾದ ಮಾತ್ರ ಮತ್ತೆ ತಲೆಯೆತ್ತಿಲ್ಲ.

ಸವೆದ ಎಳೆಗಳು ಹಿಂದಿನಂತೆ ಆಗದಿದ್ದರೆ ವ್ಯಾಯಾಮದಿಂದ ಏನು ಲಾಭ? ಇಲ್ಲಿ ಉದ್ದಿನವಡೆಯನ್ನು ನೆನಪಿಸಿಕೊಳ್ಳಬಹುದು. ತೂತಿನ ಚಿಂತೆ ಬಿಟ್ಟು ಸುತ್ತಲಿನ ವಡೆಯನ್ನು ನೋಡಬೇಕು. ಕೆಟ್ಟ ಭಾಗವಿರುವ ರಜ್ಜುಗಳು ದಪ್ಪಗಾಗಿ, ಅವುಗಳಲ್ಲಿ ಒಳ್ಳೆಯ ಎಳೆಗಳ ಒಟ್ಟು ಪ್ರಮಾಣ ಆರೋಗ್ಯವಂತರ ರಜ್ಜುವಿಗಿಂತ ಕಡಿಮೆಯಿರುವುದಿಲ್ಲ ಎಂದು ಆಸ್ಟ್ರೇಲಿಯದ ಸಂಶೋಧಕರು 2015ರಲ್ಲಿ ತೋರಿಸಿದ್ದಾರೆ. ಆ ಒಳ್ಳೆಯ ಎಳೆಗಳನ್ನು ಗಡುಸಾಗಿಸುವುದು, ಅದಕ್ಕೆ ಜೋಡಿಯಾದ ಮೀನಖಂಡವನ್ನು ಬಲಗೊಳಿಸುವುದು ವ್ಯಾಯಾಮದ ಕೆಲಸ. ಅರವತ್ತು, ಎಪ್ಪತ್ತರಲ್ಲೂ ಸ್ನಾಯು ಬಲಗೊಳ್ಳುತ್ತದೆ. ಹಿರಿಯರಿಗೆ ಭರವಸೆ ಇರುವುದು ಇಲ್ಲೇ.

ಮನೆಯ ಮೆಟ್ಟಿಲೇ ಸಾಕು

ಆಲ್ಫ್ರೆಡ್‌ಸನ್ ವ್ಯಾಯಾಮಕ್ಕೆ ಯಂತ್ರ ಬೇಡ. ಒಂದು ಮೆಟ್ಟಿಲು, ಹಿಡಿದುಕೊಳ್ಳಲು ಕಂಬಿ ಅಥವಾ ಗೋಡೆ ಇದ್ದರೆ ಆಯಿತು.

ಮೆಟ್ಟಿಲಿನ ಅಂಚಿನಲ್ಲಿ ಪಾದದ ಮುಂಭಾಗ ಮಾತ್ರ ಊರಿ, ಹಿಮ್ಮಡಿ ಗಾಳಿಯಲ್ಲಿರುವಂತೆ ನಿಲ್ಲಬೇಕು. ನೋವಿಲ್ಲದ ಕಾಲಿನ ಬಲದಿಂದ ತುದಿಗಾಲಿನ ಮೇಲೆ ಏರಬೇಕು. ಈಗ ದೇಹದ ಭಾರವನ್ನೆಲ್ಲ ನೋಯುವ ಕಾಲಿಗೆ ವರ್ಗಾಯಿಸಿ, ಇನ್ನೊಂದು ಕಾಲನ್ನು ಎತ್ತಿಕೊಳ್ಳಬೇಕು. ನೋಯುವ ಕಾಲಿನ ಹಿಮ್ಮಡಿಯನ್ನು ಮೆಲ್ಲಗೆ, ಮೆಟ್ಟಿಲಿನ ಮಟ್ಟಕ್ಕಿಂತ ಕೆಳಗಿನವರೆಗೆ ಇಳಿಸಬೇಕು. ಮೇಲೇರಲು ಮತ್ತೆ ಒಳ್ಳೆಯ ಕಾಲನ್ನೇ ಬಳಸಬೇಕು. ಎರಡೂ ಕಾಲು ನೋಯುತ್ತಿದ್ದರೆ ಏರುವಾಗ ಕೈಗಳಿಂದ ಕಂಬಿ ಹಿಡಿದು ಭಾರ ಹಂಚಿಕೊಳ್ಳಬಹುದು. ಇಳಿಯುವಾಗ ಸ್ನಾಯು ಉದ್ದವಾಗುತ್ತಲೇ ಭಾರವನ್ನು ತಡೆದುಕೊಳ್ಳುತ್ತದೆ. ಈ ವ್ಯಾಯಾಮದ ಗುಟ್ಟು ಅದೇ.

ಮೊಣಕಾಲು ನೇರವಿಟ್ಟು 15 ಸಲ ಇಳಿಸಿದರೆ ಒಂದು ಸುತ್ತು. ಹಾಗೆ ಮೂರು ಸುತ್ತು. ಮೊಣಕಾಲನ್ನು ತುಸು ಬಗ್ಗಿಸಿಟ್ಟು ಮತ್ತೆ ಮೂರು ಸುತ್ತು. ನೇರವಿಟ್ಟಾಗ ಮೀನಖಂಡದ ಹೊರಗಿನ ಸ್ನಾಯುವಿಗೂ, ಬಗ್ಗಿಸಿದಾಗ ಒಳಗಿನ ಸ್ನಾಯುವಿಗೂ ಹೆಚ್ಚು ಕೆಲಸ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ವಾರದ ಏಳು ದಿನವೂ, 12 ವಾರ. ದಿನಕ್ಕೆ 180 ಸಲ. ಒಟ್ಟು ಲೆಕ್ಕ 15,120. ದೇಹದ ತೂಕಕ್ಕೆ ನೋವಾಗದಂತಾದರೆ ಬೆನ್ನಚೀಲದಲ್ಲಿ ಪುಸ್ತಕವೋ ಮರಳೋ ತುಂಬಿ ಹೊತ್ತು ಭಾರ ಏರಿಸಬೇಕು. ಮೊದಲ ಎರಡು ವಾರ ಮೀನಖಂಡ ಬಿಗಿದು ನೋವು ಹೆಚ್ಚಿದಂತೆ ಎನಿಸುವುದುಂಟು. ಅಲ್ಲೇ ಕೈಬಿಡುವವರು ಹೆಚ್ಚು.

ಒಂದು ಮುಖ್ಯ ಎಚ್ಚರಿಕೆ. ಮೇಲಿನ ಕ್ರಮ ರಜ್ಜುವಿನ ನಡುಭಾಗದಲ್ಲಿ, ಅಂದರೆ ಹಿಮ್ಮಡಿಗಿಂತ ಎರಡು ಮೂರು ಬೆರಳು ಮೇಲೆ ನೋಯುವವರಿಗೆ. ರಜ್ಜು ಮೂಳೆಗೆ ಸೇರುವ ಜಾಗದಲ್ಲೇ, ಹಿಮ್ಮಡಿಯ ಹಿಂತುದಿಯಲ್ಲೇ ನೋವಿದ್ದರೆ ಮೆಟ್ಟಿಲಿನಿಂದ ಕೆಳಗೆ ಇಳಿಸಬಾರದು. ಹಾಗೆ ಇಳಿಸಿದಾಗ ರಜ್ಜು ಮೂಳೆಗೆ ಒತ್ತಿಕೊಳ್ಳುತ್ತದೆ. ಮೆಟ್ಟಿಲಿನ ಕ್ರಮದಿಂದ ಇಂಥವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗಷ್ಟೇ ತೃಪ್ತಿಕರ ಫಲ ಸಿಕ್ಕಿತ್ತು. ಸಮತಟ್ಟಾದ ನೆಲದ ಮೇಲೆಯೇ ನಿಂತು ಮಾಡಿಸಿದಾಗ ಮೂರರಲ್ಲಿ ಇಬ್ಬರಿಗೆ ಗುಣ ಕಂಡಿತೆಂದು ಉಮೆಯೊದ ಅದೇ ತಂಡ 2008ರಲ್ಲಿ ವರದಿ ಮಾಡಿತು. ಹಿಮ್ಮಡಿಯನ್ನು ನೆಲಕ್ಕೂರಿ ಕುಕ್ಕರಗಾಲಿನಲ್ಲಿ ಕೂರುವಾಗಲೂ ಇದೇ ಒತ್ತಡ ಬೀಳುವುದರಿಂದ, ಅಂಥ ನೋವಿರುವವರು ಕೆಲವು ವಾರ ಆ ಭಂಗಿಯನ್ನು ಕಡಿಮೆ ಮಾಡುವುದು ಮೇಲು. ಗೋಡೆಗೆ ಕೈಕೊಟ್ಟು ಮೀನಖಂಡವನ್ನು ಜಗ್ಗುವ ಅಭ್ಯಾಸವನ್ನೂ ಅವರು ಬಿಡಬೇಕು.

ಎಷ್ಟು ನೋವು ಸರಿ?

ನೋವಿದ್ದರೂ ವ್ಯಾಯಾಮ ಮಾಡಿ ಎಂದರೆ ಯಾರಿಗಾದರೂ ಅಂಜಿಕೆ ಸಹಜ. ಈ ಪ್ರಶ್ನೆಗೆ ಉತ್ತರ ಕೊಟ್ಟವರು ಸ್ವೀಡನ್ನಿನವರೇ ಆದ ಭೌತಚಿಕಿತ್ಸಾ ತಜ್ಞೆ ಕಾರಿನ್ ಸಿಲ್ಬರ್‌ನಾಗೆಲ್. ಅವರ ತಂಡ ನೋವನ್ನು ಸೊನ್ನೆಯಿಂದ ಹತ್ತರವರೆಗಿನ ಅಳತೆಗೋಲಿನಲ್ಲಿ ಅಳೆಯಲು ರೋಗಿಗಳಿಗೆ ಕಲಿಸಿತು. ವ್ಯಾಯಾಮ ಮಾಡುವಾಗ, ಮಾಡಿದ ಮೇಲೆ ನೋವು ಐದರವರೆಗೆ ಇದ್ದರೆ ಅಡ್ಡಿಯಿಲ್ಲ. ಆದರೆ ಮರುದಿನ ಬೆಳಿಗ್ಗೆ ಅದು ಇಳಿದಿರಬೇಕು. ವಾರದಿಂದ ವಾರಕ್ಕೆ ನೋವು, ಬೆಳಗಿನ ಬಿಗಿತ ಏರುತ್ತಾ ಹೋಗಬಾರದು. ಏರಿದರೆ ಹೊರೆ ಹೆಚ್ಚಾಯಿತೆಂದು ಅರ್ಥ. ಒಂದು ಮೆಟ್ಟಿಲು ಕೆಳಗಿಳಿಯಬೇಕು.

2007ರಲ್ಲಿ ಪ್ರಕಟವಾದ ಅವರ ಅಧ್ಯಯನ ಓಟಗಾರರಿಗೆ ಸಿಹಿಸುದ್ದಿ ತಂದಿತು. ಎರಡೂ ಗುಂಪಿಗೆ ಒಂದೇ ವ್ಯಾಯಾಮ. ಒಂದು ಗುಂಪಿಗೆ ಮೊದಲ ಆರು ವಾರ ಓಟ, ಜಿಗಿತ ನಿಷಿದ್ಧ. ಇನ್ನೊಂದು ಗುಂಪಿಗೆ ನೋವಿನ ಅಳತೆಗೋಲಿನ ಮಿತಿಯೊಳಗೆ ಓಡಲು ಅನುಮತಿ. ವರ್ಷದ ಕೊನೆಗೆ ಎರಡೂ ಗುಂಪು ಒಂದೇ ರೀತಿ ಸುಧಾರಿಸಿದ್ದವು. ಓಟ ಮುಂದುವರಿಸಿದ್ದರಿಂದ ಕೆಡುಕಾಗಲಿಲ್ಲ. ಆದರೆ ವ್ಯಾಯಾಮವನ್ನು ಯಾರೂ ಬಿಟ್ಟಿರಲಿಲ್ಲ ಎಂಬುದನ್ನು ಮರೆಯಬಾರದು.

ಓಟ ಮುಂದುವರಿಸುವ ಹಿರಿಯರು ಕೆಲವು ಅಂಶಗಳನ್ನು ಗಮನದಲ್ಲಿಡುವುದು ಒಳ್ಳೆಯದು. ಒಂದು ದಿನ ಓಡಿದರೆ ಮರುದಿನ ನಡಿಗೆ ಅಥವಾ ಸೈಕಲ್. ಏರುದಾರಿ, ವೇಗದ ಓಟ ಸದ್ಯಕ್ಕೆ ಬೇಡ. ರಜ್ಜುವಿಗೆ ಅತಿ ಹೆಚ್ಚು ಶ್ರಮ ಅವುಗಳಿಂದಲೇ. ದಪ್ಪ ಅಡಿಯ ಬೂಟಿನಿಂದ ತೆಳ್ಳನೆಯದಕ್ಕೆ, ಬರಿಗಾಲಿಗೆ ದಿಢೀರನೆ ಬದಲಾಯಿಸಬಾರದು. ಬೂಟಿನೊಳಗೆ ಹಿಮ್ಮಡಿಯ ಕೆಳಗೆ ಸಣ್ಣ ಮೆತ್ತೆ ಇಟ್ಟರೆ ಕೆಲವರಿಗೆ ನೋವು ತಗ್ಗುತ್ತದೆ. ನಾಲ್ಕು ತಿಂಗಳು ಸುಮ್ಮನಿದ್ದು, ಸ್ಪರ್ಧೆಗೆ ಮೂರು ವಾರ ಇದೆ ಎನ್ನುವಾಗ ಒಮ್ಮೆಗೇ ಓಡತೊಡಗುವವರಲ್ಲೇ ಈ ನೋವು ಹೆಚ್ಚಾಗಿ ಹುಟ್ಟುತ್ತದೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ಹಿಮ್ಮಡಿಗೂ ಸಲ್ಲುತ್ತದೆ.

180 ಆಗದಿದ್ದರೆ?

ದಿನಕ್ಕೆ 180 ಸಲ ಎಂದರೆ ಅರವತ್ತು ದಾಟಿದವರಿಗೆ ಎದೆ ಧಸಕ್ಕೆನ್ನಬಹುದು. ಆ ಸಂಖ್ಯೆ ಶಿಲಾಶಾಸನವೇನಲ್ಲ. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಒಂದು ಗುಂಪು 180ರ ಲೆಕ್ಕವನ್ನು ಪಾಲಿಸಿತು. ಇನ್ನೊಂದು ಗುಂಪು ತನ್ನಿಂದಾದಷ್ಟು ಮಾಡಿತು. ಆರು ವಾರದ ನಂತರ ಎರಡರ ಫಲದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ.

2015ರಲ್ಲಿ ಕೋಪನ್‌ಹೇಗನ್ನಿನ ಸಂಶೋಧಕರು ಇನ್ನೊಂದು ದಾರಿ ತೋರಿಸಿದರು. ವಾರಕ್ಕೆ ಮೂರೇ ದಿನ. ಆದರೆ ಭಾರ ಹೆಚ್ಚು, ಗತಿ ನಿಧಾನ. ಮೂರು ಸೆಕೆಂಡು ಏರಲು, ಮೂರು ಸೆಕೆಂಡು ಇಳಿಯಲು. ಮೊದಲ ವಾರ 15 ಸಲ ಮಾತ್ರ ಎತ್ತಲು ಸಾಧ್ಯವಾಗುವಷ್ಟು ಭಾರ. ಕ್ರಮೇಣ ಭಾರ ಹೆಚ್ಚಿಸುತ್ತ, ಸಂಖ್ಯೆ ಇಳಿಸುತ್ತ, ಕೊನೆಗೆ ಆರೇ ಸಲ. ಫಲ ಆಲ್ಫ್ರೆಡ್‌ಸನ್ ಕ್ರಮದಷ್ಟೇ ಬಂತು. ನಿತ್ಯ ಎರಡು ಹೊತ್ತು ಮೆಟ್ಟಿಲ ಮೇಲೆ ನಿಲ್ಲಲಾಗದವರಿಗೆ, ವ್ಯಾಯಾಮಶಾಲೆಗೆ ಹೋಗುವ ಅನುಕೂಲವಿರುವವರಿಗೆ ಇದು ಹೊಂದುತ್ತದೆ. ಕೇವಲ ಇಳಿಸುವುದರಲ್ಲೇ ಮಹಿಮೆ ಇದೆ ಎಂಬ ನಂಬಿಕೆಯೂ ಇದರಿಂದ ಸಡಿಲವಾಯಿತು. ಏರಲಿ, ಇಳಿಯಲಿ, ಹೊರೆ ಸಾಕಷ್ಟು ಇರಬೇಕು, ತಿಂಗಳುಗಟ್ಟಲೆ ಬಿಡದೆ ನಡೆಯಬೇಕು.

ಒಂಟಿಕಾಲಲ್ಲಿ ಇಳಿಸಲು ಆಗದಷ್ಟು ದುರ್ಬಲರಾದವರು ನೆಲದ ಮೇಲೆ ಎರಡೂ ಕಾಲಿನಲ್ಲಿ ಏರಿಳಿಯುವುದರಿಂದ ಆರಂಭಿಸಬಹುದು. ಅದೂ ಕಷ್ಟವಾದರೆ ಕುರ್ಚಿಯಲ್ಲಿ ಕುಳಿತು, ತೊಡೆಯ ಮೇಲೆ ಭಾರವಿಟ್ಟು ಹಿಮ್ಮಡಿ ಎತ್ತಿ ಇಳಿಸಬಹುದು. ಮೊಣಕಾಲು, ಸೊಂಟದ ತೊಂದರೆ ಇರುವವರು, ತಲೆಸುತ್ತು ಬರುವವರು ಗೋಡೆಯ ಆಸರೆಯಿಲ್ಲದೆ ಮಾಡಲೇಬಾರದು.

ಈ ಚಿಕಿತ್ಸೆಗೂ ಮಿತಿ ಇದೆ. ಕ್ರೀಡೆಯಲ್ಲಿ ತೊಡಗದ, ಕುಳಿತೇ ಕೆಲಸ ಮಾಡುವ ರೋಗಿಗಳ ಮೇಲೆ 2007ರಲ್ಲಿ ನಡೆದ ಒಂದು ಅಧ್ಯಯನದಲ್ಲಿ ಶೇಕಡಾ 44ರಷ್ಟು ಮಂದಿಗೆ ವ್ಯಾಯಾಮದಿಂದ ಗುಣವಾಗಲಿಲ್ಲ. ಹದಿನೈದಕ್ಕೆ ಹದಿನೈದೂ ಮಂದಿ ಗುಣವಾದ ಮೊದಲ ಫಲ ಎಲ್ಲರ ಪಾಲಿಗೂ ಬರುವುದಿಲ್ಲ. ಮೂರು ತಿಂಗಳು ನಿಷ್ಠೆಯಿಂದ ಮಾಡಿಯೂ ಬದಲಾವಣೆ ಕಾಣದಿದ್ದರೆ ಮೂಳೆತಜ್ಞರ ಬಳಿ ಹೋಗಬೇಕು. ಆದರೂ ಬೇರೆ ಚಿಕಿತ್ಸೆಗಳಿಗೆ ಮೊದಲು ವ್ಯಾಯಾಮವೇ ಆಗಬೇಕೆಂಬುದರಲ್ಲಿ ತಜ್ಞರಲ್ಲಿ ಇಂದು ಹೆಚ್ಚು ಭಿನ್ನಾಭಿಪ್ರಾಯವಿಲ್ಲ.

ಮೆಟ್ಟಿಲು ಹತ್ತುವ ಮುನ್ನ

ಕೆಲವು ಸಂದರ್ಭಗಳಲ್ಲಿ ವ್ಯಾಯಾಮಕ್ಕೆ ಮೊದಲು ವೈದ್ಯರನ್ನು ಕಾಣಲೇಬೇಕು. ಹಿಂದಿನಿಂದ ಯಾರೋ ಕಾಲಿಗೆ ಹೊಡೆದಂತೆ ಫಟ್ಟನೆ ಸದ್ದಾಗಿ, ತುದಿಗಾಲಿನಲ್ಲಿ ನಿಲ್ಲಲಾಗದಿದ್ದರೆ ರಜ್ಜು ಹರಿದಿರಬಹುದು. ಇದು ತುರ್ತು. ಮೀನಖಂಡ ಊದಿ, ಬಿಸಿಯಾಗಿ, ನೋಯುತ್ತಿದ್ದರೆ ರಕ್ತನಾಳದಲ್ಲಿ ಹೆಪ್ಪುಗಟ್ಟಿರುವ ಸಾಧ್ಯತೆ ಇದೆ. ಎರಡೂ ಹಿಮ್ಮಡಿಗಳು ಒಟ್ಟಿಗೆ, ಬೆಳಿಗ್ಗೆ ಬಹುಹೊತ್ತು ಬಿಗಿದುಕೊಳ್ಳುತ್ತಿದ್ದರೆ ಕೀಲುವಾತದ ಪರೀಕ್ಷೆ ಆಗಬೇಕು. ರಜ್ಜುವಿನ ಮೇಲೆ ಗಟ್ಟಿ ಗಂಟುಗಳಿದ್ದರೆ ರಕ್ತದ ಕೊಲೆಸ್ಟ್ರಾಲ್ ನೋಡಿಸಬೇಕು. ಸಕ್ಕರೆ ಕಾಯಿಲೆಯವರಲ್ಲಿ ರಜ್ಜುವಿನ ತೊಂದರೆ ಹೆಚ್ಚು. ಪಾದದಲ್ಲಿ ಜೋಮು, ಹುಣ್ಣು ಇದ್ದವರು ವೈದ್ಯರನ್ನು ಕೇಳದೆ ಮೆಟ್ಟಿಲು ಹತ್ತಬಾರದು.

ಹಿರಿಯ ಓಟಗಾರರು ಮುಖ್ಯವಾಗಿ ತಿಳಿದಿರಬೇಕಾದ್ದು ಔಷಧಿಯ ವಿಷಯ. ಸಿಪ್ರೊಫ್ಲಾಕ್ಸಸಿನ್, ಲಿವೊಫ್ಲಾಕ್ಸಸಿನ್ ಮೊದಲಾದ ಪ್ರತಿಜೀವಕಗಳು ಹಿಮ್ಮಡಿ ರಜ್ಜುವನ್ನು ನೋಯಿಸಬಲ್ಲವು, ಅಪರೂಪಕ್ಕೆ ಹರಿಯುವಂತೆಯೂ ಮಾಡಬಲ್ಲವು. 60 ದಾಟಿದವರಲ್ಲಿ, ಸ್ಟಿರಾಯ್ಡ್ ಸೇವಿಸುವವರಲ್ಲಿ ಅಪಾಯ ಇನ್ನೂ ಹೆಚ್ಚು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2008ರಲ್ಲಿ ಈ ಔಷಧಿಗಳ ಮೇಲೆ ಅತ್ಯುನ್ನತ ಮಟ್ಟದ ಎಚ್ಚರಿಕೆ ಮುದ್ರಿಸಬೇಕೆಂದು ಆದೇಶಿಸಿತು. ನಮ್ಮಲ್ಲಿ ಹೊಟ್ಟೆ ಕೆಟ್ಟಿತೆಂದು, ಮೂತ್ರದ ಉರಿಯೆಂದು ಔಷಧಿ ಅಂಗಡಿಯಲ್ಲಿ ಕೇಳಿ ಈ ಮಾತ್ರೆಗಳನ್ನು ನುಂಗುವವರಿದ್ದಾರೆ. ಮಾತ್ರೆ ಶುರುವಾದ ಮೇಲೆ ಹಿಮ್ಮಡಿ ನೋವು ಬಂದರೆ ಓಟ, ವ್ಯಾಯಾಮ ಎರಡನ್ನೂ ನಿಲ್ಲಿಸಿ ವೈದ್ಯರಿಗೆ ತಿಳಿಸಬೇಕು. ನೋವಿಗೆಂದು ರಜ್ಜುವಿನೊಳಕ್ಕೇ ಸ್ಟಿರಾಯ್ಡ್ ಚುಚ್ಚಿಸಿಕೊಳ್ಳುವುದೂ ಅದನ್ನು ದುರ್ಬಲಗೊಳಿಸುವ ಭಯವಿದೆ.

ತಾಳಿದವರ ಓಟ

ಬೆಂಗಳೂರಿನಲ್ಲಿ 2008ರಲ್ಲಿ ಹತ್ತು ಕಿಲೋಮೀಟರ್ ಓಟ ಆರಂಭವಾದ ಮೇಲೆ ಅದರಲ್ಲಿ ಹಿರಿಯ ನಾಗರಿಕರಿಗಾಗಿ ಪ್ರತ್ಯೇಕ ವಿಭಾಗವನ್ನೂ ಇರಿಸಲಾಯಿತು. ಕಬ್ಬನ್ ಪಾರ್ಕಿನಲ್ಲಿ, ಲಾಲ್‌ಬಾಗಿನಲ್ಲಿ ಬೆಳಗಿನ ಹೊತ್ತು ನರೆಗೂದಲಿನ ಓಟಗಾರರು ಈಗ ಅಪರೂಪವಲ್ಲ. ಬಹಳ ಮಂದಿ ಓಡತೊಡಗಿದ್ದೇ ನೌಕರಿಯ ಗಡಿಬಿಡಿ ಮುಗಿದ ಮೇಲೆ. ಅವರಿಗೆ ಈ ನೋವು ಬಂದಾಗ ಇನ್ನು ಸಾಕು ಎನ್ನುವ ಸಲಹೆ ಸುಲಭವಾಗಿ ಸಿಗುತ್ತದೆ. ಮೀನಖಂಡಕ್ಕೆ ಬಲ ಕೊಡಿ ಎನ್ನುವ ಸಲಹೆ ಸುಲಭಕ್ಕೆ ಸಿಗುವುದಿಲ್ಲ.

ನಡುಹರೆಯದವರೇ ಇದ್ದ 1998ರ ಆ ಗುಂಪು ಗೆದ್ದದ್ದು ತಾಳ್ಮೆಯಿಂದ. ಹನ್ನೆರಡು ವಾರ ಎಂಬುದು ಕನಿಷ್ಠ ಅವಧಿ. ನೋವು ಹೋದ ಮೇಲೂ ವಾರಕ್ಕೆ ಎರಡು ದಿನ ವ್ಯಾಯಾಮ ಉಳಿಸಿಕೊಂಡವರಿಗೆ ನೋವು ಮರಳುವ ಭಯ ಕಡಿಮೆ ಎನ್ನುತ್ತಾರೆ ಭೌತಚಿಕಿತ್ಸಕರು. ಹಲ್ಲುಜ್ಜಿದಂತೆ, ಸ್ನಾನ ಮಾಡಿದಂತೆ ಇದೂ ಒಂದು ನಿತ್ಯವಿಧಿಯಾಗಬೇಕು. ಹದಿನೇಳರಲ್ಲಿ ಹೊಸೆದ ಹಗ್ಗ ಬದಲಾಗದಿರಬಹುದು. ಆದರೆ ಅದನ್ನು ಎಳೆಯುವ ಸ್ನಾಯುವನ್ನು ಇಂದು ಸಂಜೆಯಿಂದಲೇ ಬಲಗೊಳಿಸಬಹುದು. ಅದಕ್ಕೆ ಬೇಕಾದ ಮೆಟ್ಟಿಲು ಮನೆಯ ಬಾಗಿಲಲ್ಲೇ ಇದೆ.